ಇಪ್ಪತ್ತು ಹದಿನಾಲ್ಕಕ್ಕೆ ಸಮ ಎಂದು ಬರೆದ ಸಾಹೇಬರಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಇಪ್ಪತ್ತು ಹದಿನಾಲ್ಕಕ್ಕೆ ಸಮವೇ? ಪ್ರಶ್ನೆ ನನ್ನದಲ್ಲ, ಎಂಟನೇ ತರಗತಿಯ ಒಬ್ಬ ಹುಡುಗಿಯದು. ಕಳೆದ ವಾರ ಮಂಗಳವಾರದ ಮೂರನೇ ಪೀರಿಯಡ್‌ನಲ್ಲಿ ಅವಳು ಎದ್ದು ನಿಂತು ತಮ್ಮನ್ನೇ ಕೇಳಿದಳು. ತಾವು ಉತ್ತರ ಕೊಡಲಿಲ್ಲ, ಶುಕ್ರವಾರ ಆದೇಶ ಕೊಟ್ಟಿರಿ. ಅದರ ಪ್ರಕಾರ ನಮ್ಮ ಶಾಲೆಯ ಗಣಿತದ ಟೀಚರು ಬರುವ ಸೋಮವಾರದಿಂದ ಪಾಠ ಮಾಡುವಂತಿಲ್ಲ. ತಮ್ಮ ಕಚೇರಿಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಕಾಲಂ ತುಂಬಬೇಕು. ನಲವತ್ಮೂರು ಮಕ್ಕಳ ಬೀಜಗಣಿತವನ್ನು ಡ್ರಾಯಿಂಗ್ ಮಾಸ್ತರು ನೋಡಿಕೊಳ್ಳಬೇಕು. ಆ ಪುಣ್ಯಾತ್ಮರು ಆದೇಶ ಓದಿದಾಗಿನಿಂದ ಸಿಕ್ಕಸಿಕ್ಕವರ ಹತ್ತಿರ ಗೋಳಾಡುತ್ತಿದ್ದಾರೆ: "ಎಕ್ಸ್ ಬರಿ ಅಂದ್ರೆ ಬರೀತೀನಿ ಸ್ವಾಮಿ, ಬೇಕಾದ್ರೆ ನೆರಳು ಹಾಕಿ ಬರೀತೀನಿ. ಅದರ ಬೆಲೆ ಎಷ್ಟು ಅಂತ ಮಕ್ಕಳು ಕೇಳಿದ್ರೆ ನಾನೆಲ್ಲಿಗೆ ಹೋಗ್ಲಿ?"

ತಮ್ಮ ಆದೇಶದಲ್ಲಿ ಮೂರು ಆರೋಪಗಳಿವೆ. 'ತರಗತಿಯಲ್ಲಿ ಅನಧಿಕೃತ ವ್ಯಕ್ತಿಯ ಉಪಸ್ಥಿತಿ', 'ಅನುಮೋದನೆಯಿಲ್ಲದ ಉಪಕರಣದ ಬಳಕೆ', ಮತ್ತು 'ಸಮ ಚಿಹ್ನೆಯೊಂದಕ್ಕೇ ಹನ್ನೊಂದು ದಿನ ವ್ಯಯಿಸಿ ಪಠ್ಯಕ್ರಮವನ್ನು ಹಿಂದುಳಿಸಿರುವುದು'. ಆ ಅನಧಿಕೃತ ವ್ಯಕ್ತಿ ನಾನೇ. ಉಪಕರಣ ನನ್ನ ತಕ್ಕಡಿ. ಆ ಹನ್ನೊಂದು ದಿನಗಳಲ್ಲಿ ಒಂಬತ್ತು ದಿನ ನಾನೂ ಕೊನೆ ಬೆಂಚಿನಲ್ಲಿ ಕೂತಿದ್ದೆ. ತಮ್ಮನ್ನು ಪ್ರಶ್ನೆ ಕೇಳಿದ ಹುಡುಗಿ ನನ್ನ ಮಗಳು. ಹಾಗಾಗಿ ಈ ಪ್ರಕರಣದಲ್ಲಿ ನನಗಿಂತ ಒಳ್ಳೆಯ ಸಾಕ್ಷಿ ತಮಗೆ ಸಿಗುವುದಿಲ್ಲ. ಇವನು ಪಕ್ಷಪಾತಿ ಎಂದು ತಾವು ಹೇಳಬಹುದು. ಹೇಳಿ. ಇಪ್ಪತ್ತೆರಡು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಿದ್ದೇನೆ, ಒಂದು ಕಡೆ ವಾಲಿದ್ದೇನೆ ಎಂದು ಇಲ್ಲಿಯವರೆಗೆ ಯಾರೂ ದೂರು ಕೊಟ್ಟಿಲ್ಲ.

ನನ್ನ ಬೀಜಗಣಿತದ ಚರಿತ್ರೆಯನ್ನೂ ಮುಚ್ಚಿಡುವುದಿಲ್ಲ. ಆ ವಿಷಯದಲ್ಲಿ ನಾನು ಮೂರು ಸಲ ಡುಮ್ಕಿ ಹೊಡೆದವನು. ನಮ್ಮ ಕಾಲದ ಗಣಿತದ ಮೇಷ್ಟರು ಹಲಗೆಯ ಮೇಲೆ ಎಕ್ಸ್ ಬರೆದ ದಿನ ನಾನು ಕೈ ಎತ್ತಿ, "ಸಾರ್, ಇದು ಯಾಕೆ ಬಂತು?" ಎಂದು ಕೇಳಿದ್ದೆ. ಅವರು ನನ್ನನ್ನು ಬೆಪ್ಪುತಕ್ಕಡಿ ಎಂದು ಕರೆದರು. ಇಡೀ ಕ್ಲಾಸು ನಕ್ಕಿತು. ಅಲ್ಲಿಂದ ಶಾಲೆ ಬಿಡುವವರೆಗೂ ನನ್ನ ಹೆಸರು ಅದೇ ಆಯಿತು. ಆಮೇಲೆ ತಕ್ಕಡಿ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದ್ದನ್ನು ನೋಡಿ ಹಳೆಯ ಗೆಳೆಯರು ಇನ್ನಷ್ಟು ನಕ್ಕರು, ಬಿಡಿ. ಆದರೆ ಅವತ್ತಿನಿಂದ ನಾನು ಮನೆಯ ಹೊರಗೆ ಯಾರನ್ನೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಅದು ಮಾತ್ರ ನಗುವ ವಿಷಯವಲ್ಲ. ಬ್ಯಾಂಕಿನಲ್ಲಿ ಅರ್ಜಿ ತುಂಬುವಾಗಲೂ ಕೇಳುವುದಿಲ್ಲ, ಡಾಕ್ಟರ ಹತ್ತಿರವೂ ಕೇಳುವುದಿಲ್ಲ. ಗೊತ್ತಿರುವವನ ಹಾಗೆ ತಲೆಯಾಡಿಸಿ ಬರುತ್ತೇನೆ.

ಮಗಳು ಹಾಗಾಗಬಾರದು ಎಂದು ಆಸೆಪಟ್ಟೆ. ಏಳನೇ ತರಗತಿಯಲ್ಲಿ ಅವಳಿಗೆ ಗಣಿತದಲ್ಲಿ ತೊಂಬತ್ತೆರಡು ಬಂದಾಗ ಓಣಿಗೆಲ್ಲ ಹೇಳಿಕೊಂಡು ಬಂದೆ. ಒಂದು ದಿನ ಊಟ ಮಾಡುತ್ತಾ ಸುಮ್ಮನೆ ಕೇಳಿದೆ.

"ಎಕ್ಸ್ ಅಂದ್ರೆ ಏನಮ್ಮ?"

"ಏಳು ಅಪ್ಪ."

"ಯಾವಾಗ್ಲೂ ಏಳೇನಾ?"

"ಗೈಡ್‌ನಲ್ಲಿ ಏಳು ಅಂತಾನೇ ಇದೆ. ಕೆಲವು ಸಲ ಮೂರು. ಅದನ್ನೂ ಬಾಯಿಪಾಠ ಮಾಡಿದೀನಿ."

ನಮ್ಮ ಮನೆಯವಳು, "ತೊಂಬತ್ತೆರಡು ಬಂದಿದೆಯಲ್ಲ, ಸುಮ್ಮನಿರ್ರೀ" ಎಂದಳು. ಕೈ ತೊಳೆಯಲು ಎದ್ದೆ. ಮೂರು ಸಲ ಫೇಲಾದ ನನಗೂ ತೊಂಬತ್ತೆರಡು ತೆಗೆದ ಅವಳಿಗೂ ಇದ್ದ ವ್ಯತ್ಯಾಸ ಒಂದು ಗೈಡು ಮಾತ್ರ ಎಂದು ಅವತ್ತು ಗೊತ್ತಾಯಿತು.

ಈ ವರ್ಷ ಬಂದವರು ಈ ಟೀಚರು. ಶಾಲೆ ಶುರುವಾಗಿ ವಾರ ಕಳೆದಿರಬೇಕು, ಒಂದು ಸಂಜೆ ಅಂಗಡಿಗೆ ಬಂದು, "ಎರಡು ತಟ್ಟೆಯ ಹಳೇ ತಕ್ಕಡಿ ಒಂದಿದ್ರೆ ಕೆಲವು ದಿನ ಕೊಡ್ತೀರಾ?" ಎಂದರು. ಯಾಕೆ ಎಂದು ಕೇಳುವ ಅಭ್ಯಾಸ ನನಗಿಲ್ಲವಲ್ಲ, ಒಳಗಿನಿಂದ ತಂದು ಕೊಟ್ಟೆ. ಅವರೇ ಹೇಳಿದರು. ಮೊದಲ ದಿನ ಹಲಗೆಯ ಮೇಲೆ 'ಎಂಟು ಕೂಡಿಸು ನಾಲ್ಕು ಸಮ ಖಾಲಿ ಜಾಗ ಕೂಡಿಸು ಐದು' ಎಂದು ಬರೆದು, ಖಾಲಿ ಜಾಗ ತುಂಬಿ ಎಂದಿದ್ದರಂತೆ. ನಲವತ್ಮೂರರಲ್ಲಿ ಮೂವತ್ತೊಂಬತ್ತು ಮಕ್ಕಳು ಹನ್ನೆರಡು ಎಂದು ಬರೆದರು. ಮೂವರು ಹದಿನೇಳು ಎಂದರು. ಒಬ್ಬನು ಖಾಲಿ ಬಿಟ್ಟ. ಅದೇ ಲೆಕ್ಕದ ಚೀಟಿಯೊಂದನ್ನು ಹೆಡ್‌ಮಾಸ್ತರಿಗೆ ತೋರಿಸಿದಾಗ ಅವರೂ ಗತ್ತಿನಿಂದ ಹನ್ನೆರಡು ಎಂದು ಬರೆದು, ಆಮೇಲೆ ಚೀಟಿ ವಾಪಸು ಕಿತ್ತುಕೊಂಡು, "ಇದರಲ್ಲಿ ಪ್ರಿಂಟ್ ಮಿಸ್ಟೇಕ್ ಇದೆ" ಎಂದರಂತೆ. ಚೀಟಿಯನ್ನು ಟೀಚರು ಕೈಯಲ್ಲಿ ಬರೆದಿದ್ದರು.

ನನಗೂ ತೋರಿಸಿದರು. ನಾನೂ ಹನ್ನೆರಡು ಎಂದೆ.

"ನಿಮ್ಮ ಅಂಗಡೀಲಾದ್ರೆ?" ಎಂದರು ಟೀಚರು. "ಈ ತಟ್ಟೇಲಿ ಎಂಟು, ನಾಲ್ಕು. ಆ ತಟ್ಟೇಲಿ ಐದು. ಮುಳ್ಳು ನೇರ ನಿಲ್ಬೇಕು. ಏನು ಮಾಡ್ತೀರಿ?"

"ಇನ್ನೂ ಏಳು ಹಾಕ್ತೀನಿ."

ಹೇಳಿದ ಮೇಲೆ ನನಗೇ ಗೊತ್ತಾಯಿತು. ಟೀಚರು ನಕ್ಕರು. ನನ್ನನ್ನು ನೋಡಿ ನಕ್ಕಿದ್ದಲ್ಲ, ಸಾಹೇಬರೇ, ನನಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು. ಸಮ ಚಿಹ್ನೆ ಎಂದರೆ 'ಮುಂದೆ ಉತ್ತರ ಬರೆ' ಎಂಬ ಅಪ್ಪಣೆಯಲ್ಲ, ಎರಡು ಕಡೆಯೂ ಒಂದೇ ತೂಕ ಎಂಬ ಮಾತು. ಏಳು ವರ್ಷ ಶಾಲೆಯಲ್ಲಿ ಕೂತ ಮಕ್ಕಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಗೊತ್ತಿಲ್ಲದವರ ಮುಂದೆ ಎಕ್ಸ್ ತಂದು ನಿಲ್ಲಿಸಿದರೆ ಅವರು ಗೈಡಿಗೆ ಓಡದೆ ಇನ್ನೇನು ಮಾಡಬೇಕು?

ತಕ್ಕಡಿ ಶಾಲೆಗೆ ಹೋಯಿತು. ಎರಡೇ ದಿನದಲ್ಲಿ ಟೀಚರು ಮತ್ತೆ ಬಂದರು. "ತಕ್ಕಡಿ ಸುಳ್ಳು ಹೇಳ್ತಿದೆ, ಬಂದು ನೋಡ್ತೀರಾ?" ನನ್ನ ತಕ್ಕಡಿ ಸುಳ್ಳು ಹೇಳುತ್ತದೆ ಎಂದರೆ ನಾನು ಸುಮ್ಮನಿರುತ್ತೇನೆಯೇ? ಅಂಗಡಿ ಬಾಗಿಲೆಳೆದು ಹೋದೆ. ಒಂದು ತಟ್ಟೆಯಲ್ಲಿ ಬಾಯಿ ಕಟ್ಟಿದ ಎರಡು ಬಟ್ಟೆ ಚೀಲ, ಒಂದೇ ತೂಕದ ಮೂರು ಬಟ್ಟು. ಇನ್ನೊಂದರಲ್ಲಿ ಹನ್ನೊಂದು ಬಟ್ಟು. ಚೀಲವೇ ಎಕ್ಸ್, ಒಂದೊಂದರಲ್ಲಿ ನಾಲ್ಕು ನಾಲ್ಕು ಬಟ್ಟು. ಲೆಕ್ಕ ಸರಿಯಿದೆ, ಮುಳ್ಳು ಮಾತ್ರ ಚೀಲದ ಕಡೆಗೇ ವಾಲಿದೆ. ಮಕ್ಕಳು ಗಲಾಟೆ ಮಾಡುತ್ತಿದ್ದಾರೆ, ಟೀಚರ ಮುಖ ಬೆವೆತಿದೆ. ನನಗೆ ನಗು ತಡೆಯಲಾಗಲಿಲ್ಲ. ದಿನಸಿ ಅಂಗಡಿಯವನು ನಿದ್ದೆಯಲ್ಲೂ ಮಾಡದ ತಪ್ಪು ಅದು.

"ಚೀಲಕ್ಕೂ ತೂಕ ಇರುತ್ತಲ್ಲ ಟೀಚರೇ!"

ಮಧ್ಯದ ಬೆಂಚಿನಿಂದ ನನ್ನ ಮಗಳು, "ಹಾಗಾದ್ರೆ ಆ ಕಡೇನೂ ಎರಡು ಖಾಲಿ ಚೀಲ ಹಾಕಿ ಮಿಸ್" ಎಂದಳು. ಹಾಕಿದರು. ಮುಳ್ಳು ನೇರ ನಿಂತಿತು. ನಲವತ್ಮೂರು ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಕೋಣೆಯಿಂದ ಹೆಡ್‌ಮಾಸ್ತರು ಓಡಿ ಬಂದರು. ಟೀಚರು ತಮ್ಮ ಮೇಜಿನಿಂದ ಒಂದು ನೋಟ್‌ಬುಕ್ ತೆಗೆದು ಏನೋ ಬರೆದರು. ಅದರಲ್ಲಿ ಅವರು ದಿನವೂ ತಪ್ಪುಗಳನ್ನು ಬರೆದಿಡುತ್ತಾರೆ. ಯಾರ ಹೆಸರೂ ಇರುವುದಿಲ್ಲ. ಎಲ್ಲಿ ಕೂತಿದ್ದವರು, ಏನು ತಪ್ಪು, ಯಾಕಾಗಿರಬಹುದು, ಅಷ್ಟೇ. ಅವತ್ತು ಬರೆದಿದ್ದು: 'ಟೀಚರ ಮೇಜು. ಚೀಲದ ತೂಕ ಮರೆತದ್ದು. ಅಂಗಡಿಯವರನ್ನು ಮೊದಲೇ ಕೇಳಬೇಕಿತ್ತು.' ತನ್ನ ತಪ್ಪನ್ನು ತಾನೇ ಬರೆದಿಟ್ಟುಕೊಳ್ಳುವ ಮೇಷ್ಟರನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಮರುದಿನದಿಂದ ತಕ್ಕಡಿ ನೋಡಿಕೊಳ್ಳುವ ನೆಪದಲ್ಲಿ ಆ ಒಂದು ಪೀರಿಯಡ್ ಕೊನೆ ಬೆಂಚಿನಲ್ಲಿ ಕೂರತೊಡಗಿದೆ. ನೆಪ ಎಂದು ಒಪ್ಪಿಕೊಳ್ಳುತ್ತಿದ್ದೇನೆ, ಆದೇಶಕ್ಕೆ ಸೇರಿಸಿಕೊಳ್ಳಿ.

ಇನ್ನು ತಮ್ಮ ಭೇಟಿ. ತಾವು ಬಂದಿರಿ, ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಿರಿ, ತಕ್ಕಡಿಯನ್ನು ಬೆರಳ ತುದಿಯಲ್ಲಿ ಮುಟ್ಟಿದಿರಿ. ಪುಸ್ತಕ ತೆಗೆಸಿ, "ಇನ್ನೂ ಈ ಪುಟದಲ್ಲೇ ಇದೀರಾ? ಇಷ್ಟಕ್ಕೆ ಹನ್ನೊಂದು ದಿನಾನಾ? ಕೊಡಿ ಇಲ್ಲಿ ಚಾಕ್‌ಪೀಸು" ಎಂದಿರಿ. ಹಲಗೆಯ ಮೇಲೆ ಒಂದೇ ಉಸಿರಿನಲ್ಲಿ ಬರೆದಿರಿ:

2x + 6 = 20 = 20 − 6 = 14 = 14 ÷ 2 = 7

"ಮುಗೀತು. ಒಂದು ನಿಮಿಷ" ಎಂದು ಕೈ ಒರೆಸಿಕೊಂಡಿರಿ. ಆಗ ನನ್ನ ಮಗಳು ಎದ್ದಳು. ಕೂತ್ಕೋ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ, ನಾಚಿಕೆಯಿಂದ ಹೇಳುತ್ತಿದ್ದೇನೆ. ಅವಳು ನನ್ನ ಕಡೆ ನೋಡಲೇ ಇಲ್ಲ. "ಸಾರ್, ಇಪ್ಪತ್ತು ಹದಿನಾಲ್ಕಕ್ಕೆ ಸಮಾನಾ ಸಾರ್?" ಎಂದಳು. ಅವಳು ಸೊಕ್ಕಿನಿಂದ ಕೇಳಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಮೂವತ್ತು ವರ್ಷದ ಹಿಂದೆ ಅವಳಪ್ಪ ಕೇಳಿ ಕೂತ ಪ್ರಶ್ನೆಯ ನಂತರ ನಮ್ಮ ಮನೆತನದಲ್ಲಿ ಹುಟ್ಟಿದ ಎರಡನೇ ಪ್ರಶ್ನೆ ಅದು. ತಾವು ಏನೆಂದಿರಿ? "ಉತ್ತರ ಸರಿ ಬಂದಿದೆಯಲ್ಲ? ಕೂತ್ಕೋ."

ಸ್ವಾಮಿ, ನನ್ನ ಅಂಗಡಿಯಲ್ಲಿ ರಿಪೇರಿಯಾದ ತಕ್ಕಡಿ ಇಪ್ಪತ್ತನ್ನೂ ಹದಿನಾಲ್ಕನ್ನೂ ಸಮ ಎಂದು ತೋರಿಸಿದರೆ ತೂಕ ಮತ್ತು ಅಳತೆ ಇಲಾಖೆಯವರು ತಕ್ಕಡಿಯನ್ನೂ ಹೊತ್ತೊಯ್ಯುತ್ತಾರೆ, ನನ್ನ ಲೈಸೆನ್ಸನ್ನೂ ಹೊತ್ತೊಯ್ಯುತ್ತಾರೆ. ಅದನ್ನೇ ತಾವು ಸೀಮೆಸುಣ್ಣದಲ್ಲಿ ಮಾಡಿದಿರಿ, ಕೆಲಸ ಹೋಗಿದ್ದು ಮಾತ್ರ ಟೀಚರದ್ದು. ಇದು ಯಾವ ಊರಿನ ನ್ಯಾಯ? ಅಂದ ಹಾಗೆ ಆ ಇಲಾಖೆಯ ಇನ್ಸ್‌ಪೆಕ್ಟರರ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ಷಕ್ಕೊಮ್ಮೆ ಬರುತ್ತಾರೆ, ಖಾಲಿ ಕೈಯಲ್ಲಲ್ಲ, ತಮ್ಮದೇ ಪರೀಕ್ಷೆಯ ತೂಕಗಳ ಪೆಟ್ಟಿಗೆ ತರುತ್ತಾರೆ. ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂರುತ್ತಾರೆ. ಎಲ್ಲಿ ಎಷ್ಟು ಹೆಚ್ಚುಕಮ್ಮಿ ಎಂದು ತೋರಿಸಿ, ಸರಿಮಾಡಲು ದಿನ ಕೊಟ್ಟು, ಮತ್ತೆ ಬಂದು ನೋಡಿ ಮುದ್ರೆ ಒತ್ತುತ್ತಾರೆ. ಒಂದು ಕಬ್ಬಿಣದ ತಕ್ಕಡಿಗೆ ಸಿಗುವ ಈ ಭಾಗ್ಯ ಈ ವ್ಯವಸ್ಥೆಯಲ್ಲಿ ಗಣಿತದ ಟೀಚರಿಗೆ ಯಾಕೆ ಸಿಗುವುದಿಲ್ಲ?

ಅವರಿಗೆ ಸಿಗುವುದೇನು ಎಂದು ಅವರ ಬಾಯಿಂದಲೇ ತಿಳಿದುಕೊಂಡಿದ್ದೇನೆ. ಸುತ್ತೋಲೆ ಸಿಗುತ್ತದೆ. 'ಗಣಿತವನ್ನು ಆನಂದದಾಯಕವಾಗಿ ಬೋಧಿಸತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು' ಎಂಬ ಸುತ್ತೋಲೆಯನ್ನು ನಾನೇ ಕಣ್ಣಾರೆ ಓದಿದೆ; ಆನಂದಪಟ್ಟ ಮಕ್ಕಳ ಸಂಖ್ಯೆಯನ್ನು ಅಂದೇ ಸಂಜೆ ಐದರೊಳಗೆ ಕಳಿಸಬೇಕಿತ್ತು. ಮೂರು ದಿನದ ತರಬೇತಿ ಸಿಗುತ್ತದೆ. ಅಲ್ಲಿ ಪರದೆ ಇಳಿಬಿಟ್ಟ ಕೋಣೆಯಲ್ಲಿ ಒಬ್ಬರು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಾ ಹೋಗುತ್ತಾರೆ, ಓದಲು ಬರುವ ಅರವತ್ತು ಮಂದಿ ಟೀಚರುಗಳು ಕೇಳಿಸಿಕೊಳ್ಳುತ್ತಾರೆ. ನಮ್ಮ ಟೀಚರು ಅಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರಂತೆ: "ಮಕ್ಕಳು ಖಾಲಿ ಜಾಗದಲ್ಲಿ ಹನ್ನೆರಡು ಅಂತ ಯಾಕೆ ಬರೀತಾರೆ?" ಪ್ರಶ್ನೆಗಳೆಲ್ಲ ಕೊನೆಗೆ ಎಂದರು. ಕೊನೆಗೆ ಚಹಾ ಬಂತು, ಗ್ರೂಪ್ ಫೋಟೋ ಆಯಿತು, ಎಲ್ಲರೂ ಬಸ್ಸು ಹಿಡಿದರು. ಅವರು ಬೇಡಿದ್ದು ಬಹಳವೇನಲ್ಲ. ಅಕ್ಕಪಕ್ಕದ ಶಾಲೆಗಳ ಇಬ್ಬರು ಗಣಿತದ ಟೀಚರುಗಳ ಜೊತೆ ವಾರಕ್ಕೆ ಒಂದು ತಾಸು ಕೂತು, ಮಕ್ಕಳ ತಪ್ಪುಗಳನ್ನು ಮೇಜಿನ ಮೇಲೆ ಹರಡಿಕೊಂಡು ಮಾತಾಡಬೇಕು. ಅಷ್ಟೇ. ಅದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರ: 'ಅವಕಾಶವಿರುವುದಿಲ್ಲ'. ಈಗ ಕಾಲಂ ತುಂಬಲು ಅವರ ಇಡೀ ವಾರವೇ ತಮಗೆ ಸಿಕ್ಕಿಬಿಟ್ಟಿದೆ.

ನಿನ್ನೆ ಸಂಜೆ ಟೀಚರು ತಕ್ಕಡಿ ವಾಪಸು ತಂದರು. ತಟ್ಟೆಗಳನ್ನು ತೊಳೆದು ಒರೆಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದರು. "ತಗೊಳ್ಳಿ, ಇನ್ನು ಬೇಕಾಗಲ್ಲ" ಎಂದರು. ಆ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟು, "ಡ್ರಾಯಿಂಗ್ ಸಾರ್ ನಾಳೆ ಈ ಕಡೆ ಬಂದ್ರೆ ಕೊಟ್ಟುಬಿಡಿ. ಪಾಪ, ಅವರಿಗೆ ಉಪಯೋಗಕ್ಕೆ ಬರಬಹುದು" ಎಂದರು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ನಾನಾದರೂ ಏನಾದರೂ ಹೇಳುತ್ತಿದ್ದೆ. ಮಗಳು ಅಂಗಡಿಯ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಟೀಚರು ಹೋದ ಮೇಲೆ, "ನಾನು ಕೇಳಿದ್ದಕ್ಕೇ ಹಿಂಗಾಯ್ತಾ ಅಪ್ಪ?" ಎಂದಳು. ನಾನು ತಕ್ಕಡಿಯನ್ನು ಎತ್ತಿ ಒಳಗಿಟ್ಟೆ. "ಇನ್ಮೇಲೆ ಕೇಳಲ್ಲ ಬಿಡು" ಎಂದಳು. ಸಾಹೇಬರೇ, ಈ ಕಾಗದ ಬರೆಯುವ ಹಟ ಬಂದಿದ್ದು ಆ ಮಾತಿನಿಂದ.

ಬರೆಯಲು ಕೂರುವ ಮೊದಲು ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತಿರುವಿದೆ. ತಮ್ಮ ಬಗ್ಗೆ ಏನಾದರೂ ಖಾರವಾಗಿ ಬರೆದಿದ್ದರೆ ಇಲ್ಲಿ ಉಪ್ಪು ಖಾರ ಹಚ್ಚಿ ಬಳಸಿಕೊಳ್ಳೋಣ ಎಂಬ ಕೆಟ್ಟ ಆಸೆ ನನಗಿತ್ತು. ಮಂಗಳವಾರದ ತಾರೀಕಿನ ಕೆಳಗೆ, ಮಕ್ಕಳದ್ದನ್ನು ಬರೆಯುವ ಅದೇ ದುಂಡು ಅಕ್ಷರದಲ್ಲಿ ಇಷ್ಟು ಇದೆ: 'ಹಲಗೆಯ ಹತ್ತಿರ ನಿಂತಿದ್ದವರು. ಸಮ ಚಿಹ್ನೆಯನ್ನು "ಮುಂದೇನು" ಎಂದು ಓದುತ್ತಾರೆ. ಚಿಕ್ಕಂದಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ, ಅವರ ತಪ್ಪಲ್ಲ. ತಕ್ಕಡಿಯ ಪಕ್ಕ ಕೂರಿಸಿದರೆ ಎರಡು ದಿನ ಸಾಕು.'

ನನ್ನ ಬೇಡಿಕೆ ಇಷ್ಟೇ. ಸೋಮವಾರದೊಳಗೆ ಆ ಆದೇಶ ಹಿಂತೆಗೆದುಕೊಳ್ಳಿ. ವಾರಕ್ಕೊಂದು ತಾಸು ಆ ಮೂವರು ಟೀಚರುಗಳಿಗೆ ಬಿಟ್ಟುಕೊಡಿ. ಎಂಟನೇ ತರಗತಿಗೆ ಬಂದು, ಮಧ್ಯದ ಬೆಂಚಿನ ಹುಡುಗಿಗೆ, ಇಲ್ಲಮ್ಮ, ಇಪ್ಪತ್ತು ಹದಿನಾಲ್ಕಕ್ಕೆ ಸಮವಲ್ಲ ಎಂದು ಹೇಳಿ. ಹೇಳಿ ಹಾಗೆಯೇ ಹೊರಟುಹೋಗಬೇಡಿ. ತಮಗೆ ಎರಡು ದಿನ ಸಾಕು ಎಂದು ಟೀಚರೇ ಬರೆದಿದ್ದಾರೆ. ತಕ್ಕಡಿಯನ್ನು ನಾನು ಆಗಲೇ ಮತ್ತೆ ಶಾಲೆಗೆ ಹೊತ್ತೊಯ್ದು ಇಟ್ಟಿದ್ದೇನೆ, ಕೊನೆ ಬೆಂಚಿನಲ್ಲಿ ಜಾಗವಿದೆ, ಸರಿದು ಕೂರುತ್ತೇನೆ.

ಇಂತಿ,
ತಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂರಲು ಸಿದ್ಧನಿರುವ,
ಒಬ್ಬ ಅನಧಿಕೃತ ಬೆಪ್ಪುತಕ್ಕಡಿ