ಕೂಸಿನ ಎದೆ ಗಟ್ಟಿಯಾಯಿತು, ಅವ್ವಾ

ಮೊಳಕಾಲ್ಮುರು
12 ಮಾರ್ಚ್ 2025

ಪ್ರೀತಿಯ ಅವ್ವನಿಗೆ ಮಗಳು ಸೌಂದರ್ಯಳ ನಮಸ್ಕಾರ.

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಓಬಳೇಶಣ್ಣ ಎತ್ತಿದರೆ 'ಅವ್ವ ಕುರಿ ಹಿಂದೆ ಹೋಗೈತೆ' ಎನ್ನುತ್ತಾನೆ. ಮೂರು ತಿಂಗಳಿಂದ ಇದೇ ಮಾತು. ಅದಕ್ಕೇ ಈ ಕಾಗದ. ಅಣ್ಣ ಓದಲಿ, ನೀನು ಕೇಳಿಸದವಳಂತೆ ಶೇಂಗಾ ಬಿಡಿಸುತ್ತಾ ಕೂತಿದ್ದರೂ ಸರಿಯೇ.

ನಿನ್ನೆ ದಾವಣಗೆರೆಯಲ್ಲಿ ಕೂಸಿಗೆ ಮತ್ತೆ ಎದೆಯ ಎಕೋ ಸ್ಕ್ಯಾನ್ ಮಾಡಿದರು. ಹೃದಯ ತನ್ನ ಅಳತೆಗೆ ಬಂದಿದೆ! ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿ, 'ನೋಡ್ರಿ, ಈಗ ಹೆಂಗೆ ಬಡಕೊಳ್ತಾ ಐತೆ' ಎಂದರು. ನನಗೆ ಬೂದುಬಣ್ಣದ್ದೇನೋ ಮುಚ್ಚಿ ತೆರೆಯುವುದಷ್ಟೇ ಕಂಡಿತು. ಆದರೆ ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದ ನಿನ್ನ ಅಳಿಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತರು.

ನೀನು ಆಸ್ಪತ್ರೆಯಲ್ಲಿದ್ದದ್ದು ಮೊದಲ ದಿನ ಮಾತ್ರ, ಆಮೇಲಿನದು ನಿನಗೆ ಗೊತ್ತಿಲ್ಲ. ತವರು ನನ್ನಿವಾಳದಲ್ಲಿ ಬಾಣಂತನದ ನಾಲ್ಕನೇ ತಿಂಗಳು ಕೂಸು ಹಾಲು ಕುಡಿಯುವಾಗ ಬೆವರಿ ಏದುಸಿರು ಬಿಡುತ್ತಿತ್ತಲ್ಲ, ಆಮೇಲೆ ಫಿಟ್ಸ್ ಬಂದ ದಿನ ನೀನೇ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ಚಳ್ಳಕೆರೆ ಬಸ್ಸಿಗೆ ಓಡಿದೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ದಾವಣಗೆರೆ. ಹೃದಯ ಹಿಗ್ಗಿದೆ, ರಕ್ತ ತಳ್ಳುವ ಬಲವಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಬುದ್ಧಿಯೇ ಕೆಟ್ಟುಹೋಯಿತು. 'ನಿನ್ನ ಕತ್ತಲೆ ಕೋಣೆನೇ ನನ್ನ ಕೂಸಿನ ಜೀವ ತಿಂತು' ಎಂದುಬಿಟ್ಟೆ. ನೀನು ಕೂಸಿನ ಕುಲಾವಿಯನ್ನು ನನ್ನ ಮಡಿಲಲ್ಲಿಟ್ಟು ಹೊರಟುಹೋದೆ.

ಮರುದಿನ ರಕ್ತದ ರಿಪೋರ್ಟ್ ಬಂತು. ಇದು ಹುಟ್ಟಿನಿಂದ ಬಂದ ಹೃದಯದ ರೋಗವಲ್ಲ, ಮಗುವಿನ ಮೈಯಲ್ಲಿ ಬಿಸಿಲಿನಿಂದ ಬರುವ ವಿಟಮಿನ್ ಡಿ ಇಲ್ಲ, ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಇಲ್ಲದೆ ಹೃದಯಕ್ಕೆ ಬಡಿಯುವ ಕಸುವಿಲ್ಲ ಎಂದರು. ನನ್ನ ರಕ್ತವನ್ನೂ ನೋಡಿದರು. ಇಪ್ಪತ್ತಕ್ಕಿಂತ ಮೇಲಿರಬೇಕಾದದ್ದು ಆರೇ ಇತ್ತು. ಏನು ಕೆಲಸ ಎಂದು ಕೇಳಿದರು. ಮದುವೆಯಾದಾಗಿನಿಂದ ಮನೆಯೊಳಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ನಾನು. ಬಸುರಿಯಾದ ಮೇಲೂ ಏಳು ತಿಂಗಳು ರೇಷ್ಮೆ ನೇಯ್ದೆ. ನಮ್ಮ ಸೀಮೆಯಲ್ಲಿ ಬಿಸಿಲಿಗೇನು ಬರವೇ? ಆದರೂ ನನ್ನ ಮೈಗೆ ಅದು ಸೋಕಿರಲಿಲ್ಲ. 'ಹೊಟ್ಟೇಲಿದ್ದಾಗ್ಲೇ ಮಗೂಗೆ ಸಿಕ್ಕಿಲ್ಲಮ್ಮ. ಬಾಣಂತೀನ ಕೋಣೇಲಿ ಇಡೋದು ಎಲ್ಲಾ ಮನೇಲೂ ಐತೆ, ಅದೊಂದೇ ಕಾರಣ ಅಲ್ಲ' ಎಂದರು ಡಾಕ್ಟರಮ್ಮ. ನಿನಗೆ ಅಂದ ಮಾತನ್ನು ಅವರಿಗೆ ಹೇಳಿದೆ. ಅವರು, 'ಇನ್ನೊಂದು ಗಂಟೆ ತಡ ಆಗಿದ್ರೆ ಮಗು ಉಳೀತಿರ್ಲಿಲ್ಲ. ಎತ್ಕೊಂಡು ಓಡಿದೋರು ಯಾರು?' ಎಂದು ಕೇಳಿದರು. 'ನಮ್ಮವ್ವ' ಎಂದೆ. ಅವ್ವಾ, ತಪ್ಪಾಯಿತು.

ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರು. ದಿನಾ ಬಾಯಿಗೆ ಹನಿ ಹಾಕುತ್ತಿದ್ದೇವೆ, ನನಗೂ ಮಾತ್ರೆ ಇದೆ. ಕೂಸೀಗ ಆರೂವರೆ ಕಿಲೋ. ಏದುಸಿರಿಲ್ಲದೆ ಹಾಲು ಕುಡಿಯುತ್ತದೆ, ನಮ್ಮತ್ತೆ ವೀರಮ್ಮನವರ ಮೂಗುಬೊಟ್ಟಿಗೆ ಕೈ ಹಾಕಿ ಬೈಸಿಕೊಳ್ಳುತ್ತದೆ.

ಅಣ್ಣ ಅತ್ತಿಗೆಯರನ್ನು ಕೇಳಿದೆನೆಂದು ಹೇಳು. ನಿನ್ನ ಪಾದ ಮುಟ್ಟಿ ನಮಸ್ಕರಿಸುವ,

ನಿನ್ನ ಮಗಳು
ಸೌಂದರ್ಯ

ಇದೊಂದು ಬಿಟ್ಟೇಹೋಗಿತ್ತು: ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಇಪ್ಪತ್ತಮೂರರ ಭಾನುವಾರ ತೊಟ್ಟಿಲಿಗೆ ಹಾಕುತ್ತೇವೆ. ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು, ಆದರೆ ನಾದಿನಿ ಪ್ರೇಮಲತಾ 'ಈ ಸಲ ನಿಮ್ಮವ್ವನೇ ಹೇಳ್ಲಿ ಅತ್ಗೆ' ಎಂದಿದ್ದಾಳೆ. ಹೆಸರೂ ನಿನ್ನದೇ ಆಯ್ಕೆ. ಶನಿವಾರ ಮಧ್ಯಾಹ್ನ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂಸನ್ನೆತ್ತಿಕೊಂಡು ನಿಂತಿರುತ್ತೇನೆ. ನೀನು ಬರದೆ ನಾನು ವಾಪಸ್ ಬಸ್ ಹತ್ತುವುದಿಲ್ಲ.