ಹಿತ್ತಲ ಬಂಡೆ ಒಡೆದ ಸಮಾಚಾರ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಭಾವನವರಿಗೆ,

ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ. ಕಾಗದ ಬರೆಯುವುದು ತಡವಾಯಿತು. ಬರೆಯುವಂಥ ಸುದ್ದಿ ತಯಾರಾಗಲು ಎಂಟು ವರ್ಷ ಹಿಡಿಯಿತು. ತಪ್ಪು ನನ್ನದಲ್ಲ, ಬಂಡೆಯದು.

ಹೌದು, ಹಿತ್ತಲಿನ ಅದೇ ಬಂಡೆ. ಕಲ್ಲು ಒಡೆಯುವುದೇ ಕಸುಬಾದ ನೀವು ಎಂಟು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದಾಗ ಬೆಳಗಿನಿಂದ ಸಂಜೆಯವರೆಗೆ ಬಡಿದು, ಇದ್ದ ಉಳಿಗಳನ್ನೆಲ್ಲ ಮೊಂಡು ಮಾಡಿಕೊಂಡು ಬೆವರು ಒರೆಸುತ್ತ ಕೂತಿರಿ. ನನ್ನವಳು ಚಹಾ ಕೊಡುತ್ತ, "ಬಂಡೆಗೇನಾದ್ರೂ ನೋವಾಯ್ತಾ ನೋಡಿ ಅಣ್ಣಾ" ಅಂದಳು. ಮನೆಮಂದಿಯೆಲ್ಲ ನಕ್ಕೆವು. ನೀವು ನಗಲಿಲ್ಲ. "ಈ ಬಂಡೆ ಒಡೆದ ಮೇಲೇ ನಾವು ಈ ಹೊಸ್ತಿಲು ತುಳಿಯೋದು" ಎಂದು ಅಕ್ಕನನ್ನೂ ಎಬ್ಬಿಸಿಕೊಂಡು ಹೊರಟೇಬಿಟ್ಟಿರಿ.

ಈಗ ವಿಧಿಯಿಲ್ಲ, ಬರಲೇಬೇಕು. ಬಂಡೆ ಒಡೆದಿದೆ.

ಒಡೆದವರು ಯಾರೆಂದು ಪಕ್ಕದ ಮನೆಯ ಮೇಷ್ಟ್ರು ಗಂಭೀರವಾಗಿ ತನಿಖೆ ನಡೆಸಿದರು. ಮೊದಲ ಆರೋಪಿ ಬಿಸಿಲಂತೆ. ಹಗಲು ಕಾಯಿಸಿ ಉಬ್ಬಿಸುತ್ತದೆ, ರಾತ್ರಿ ಚಳಿ ಬಂದು ಕುಗ್ಗಿಸುತ್ತದೆ. ದಿನಾ ಹೀಗೆ ಮಾಡಿದರೆ ಮನುಷ್ಯರೇ ಬಿರುಕು ಬಿಡುತ್ತಾರೆ, ಕಲ್ಲು ಯಾವ ಲೆಕ್ಕ. ಬಿರುಕಿಗೆ ಮಳೆನೀರು ಇಳಿಯಿತು. ಬೂದುಬಣ್ಣದ ಕಲ್ಲುಹೂವು ಮೈಗಂಟಿಕೊಂಡು, ಹುಳಿ ಬಿಟ್ಟು, ಸದ್ದಿಲ್ಲದೆ ಕಲ್ಲನ್ನೇ ತಿಂದಿತು. ಇರುವೆಗಳು ಮಣ್ಣು ಹೊತ್ತು ತಂದವು. ಆಮೇಲೆ ಯಾವುದೋ ಹಕ್ಕಿ ಅತ್ತಿಹಣ್ಣು ತಿಂದು, ಶೌಚಕ್ಕೆ ಸರಿಯಾಗಿ ಆ ಬಿರುಕನ್ನೇ ಆರಿಸಿಕೊಂಡಿತು. ಬೀಜ ಅಲ್ಲೇ ಮೊಳೆತು ಸಸಿಯಾಯಿತು. ಕೂದಲೆಳೆಯಂತೆ ಒಳಗೆ ಹೋದ ಬೇರು ತೋಳಿನಷ್ಟಾಯಿತು. ಮೊನ್ನೆ ನಾವು ಊಟಕ್ಕೆ ಕೂತಿದ್ದಾಗ ಟಪ್ಪೆಂದು ಸದ್ದು. ಹೋಗಿ ನೋಡಿದರೆ ಎರಡು ಹೋಳು.

ಆದರೂ ಮೊದಲ ಬಿರುಕು ಬಿದ್ದದ್ದು ನಿಮ್ಮ ಏಟಿನಿಂದಲೇ ಎಂದು ಮೇಷ್ಟ್ರು ತೀರ್ಪು ಕೊಟ್ಟಿದ್ದಾರೆ. ಎರಡು ಲೋಟ ಚಹಾ ಕುಡಿಸಿ ಪಡೆದ ತೀರ್ಪು. ಆದರೇನು, ತೀರ್ಪು ತೀರ್ಪೇ.

ಇದು ಸೀಳಿದ್ದು, ಒಡೆದದ್ದಲ್ಲ ಎಂದು ನೀವು ತಕರಾರು ತೆಗೆಯುವಿರೆಂದು ಗೊತ್ತು. ಅದಕ್ಕೇ ಮೇಲುಪದರದ ಒಂದು ಚೂರನ್ನು ಜೊತೆಗೆ ಕಳಿಸಿದ್ದೇನೆ. ಬೆರಳಲ್ಲಿ ಒತ್ತಿ ನೋಡಿ, ಪುಡಿಯಾಗುತ್ತದೆ. ಬಂಡೆಯೇ ಇಷ್ಟು ಮೆತ್ತಗಾಗಿರುವಾಗ ಇನ್ನು ತಮ್ಮ ವಿಚಾರ ತಮಗೇ ಬಿಟ್ಟದ್ದು.

ಅಕ್ಕನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಎರಡೂ ಹೋಳುಗಳು ತಮ್ಮನ್ನು ಕೇಳಿದವೆಂದು ತಿಳಿಸಲು ಹೇಳಿವೆ.

ಇಂತಿ,
ದಾರಿ ಕಾಯುತ್ತಿರುವ
ನಿಮ್ಮ ಭಾವಮೈದುನ

ತಾ.ಕ.: ತನಿಖೆಯಲ್ಲಿ ಒಬ್ಬ ಆರೋಪಿ ತಪ್ಪಿಸಿಕೊಂಡಿದ್ದಳು. ಆ ಅತ್ತಿ ಸಸಿಗೆ ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿ, ಬೇಸಿಗೆಯಲ್ಲೆಲ್ಲ ಪಾತ್ರೆ ತೊಳೆದ ನೀರು ಹೊಯ್ದು ಸಾಕಿದವಳು ನನ್ನವಳು. ನನಗೆ ತಿಳಿದದ್ದು ನಿನ್ನೆ. ಯಾಕೆ ಎಂದು ಕೇಳಿದೆ. ಬಂಡೆಯ ಹೋಳಿನ ಮೇಲೆ ಕೂತು, ತಲೆ ಎತ್ತದೆ ಹೇಳಿದಳು: "ಅವತ್ತು ಬಂಡೆಗೆ ನೋವಾಯ್ತಾ ಅಂತ ಕೇಳ್ದೆ. ಅಣ್ಣಂಗೆ ನೋವಾಯ್ತಾ ಅಂತ ಕೇಳಲೇ ಇಲ್ಲ."