ನೀವು ಕುಡಿದದ್ದು ನಮ್ಮ ಬೋರಿನ ನೀರಲ್ಲ

ಮಾನ್ಯ ನೀರಿನ ಸಾಹೇಬರೇ,

ನನ್ನ ಅವ್ವನ ಎರಡೂ ಕಿಡ್ನಿ ಕೆಟ್ಟಿವೆ. ಅದರಲ್ಲಿ ನಿಮ್ಮ ಪಾಲಿದೆ. ಮುಂದಿನದನ್ನು ಓದುವುದು, ಬಿಡುವುದು ನಿಮ್ಮ ಘನತೆಗೆ ಬಿಟ್ಟದ್ದು. ನೀವು ಓದದಿದ್ದರೂ ತಾಲ್ಲೂಕೆಲ್ಲ ಓದಲಿ ಎಂದೇ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಹೋದ ಬೇಸಿಗೆಯಲ್ಲಿ ಬುಕ್ಕಾಪಟ್ಟಣದ ಕಡೆಯ ನಮ್ಮ ಹಟ್ಟಿಗೆ ತಾವು ಚಿತ್ತೈಸಿದ್ದು ನೆನಪಿದೆಯೇ? ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆ, ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ನಾವು ದೂರು ಕೊಟ್ಟಿದ್ದಕ್ಕೆ ಬಂದಿರಿ. ಬಿಸಿಲಿಗೆ ಸುಸ್ತಾಗಿ ನಮ್ಮ ಜಗುಲಿಯ ಮೇಲೆ ಕುಳಿತಿರಿ. ನಮ್ಮಲ್ಲಿ ಮನೆಗೆ ಬಂದವರಿಗೆ ಬೋರಿನ ನೀರು ಕೊಡುವ ರೂಢಿಯಿಲ್ಲ, ಅದು ಮರ್ಯಾದೆಯ ಪ್ರಶ್ನೆ. ಅವ್ವ ಗಿರಿಯಮ್ಮ ನನ್ನನ್ನು ಒಳಗೆ ಕರೆದು, "ಲೇ ಯಶೋದ, ಹಬೀಬ್ ಸಾಬ್ರ ಅಂಗ್ಡೀಗೆ ಓಗಿ ಒಂದು ಕ್ಯಾನ್ ನೀರು ತಗಂಬಾ. ಸಾಯೇಬ್ರಿಗೆ ಈ ಸವಳು ನೀರ ಎಂಗೆ ಕೊಡಾದು?" ಎಂದಳು. ನಾನು ತಂದುಕೊಟ್ಟೆ. ನೀವು ಚೆಂಬು ಎತ್ತಿ ಗಟಗಟನೆ ಕುಡಿದಿರಿ.

ಆಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು, "ನಾನೇ ಕುಡಿದು ನೋಡಿದ್ದೀನಿ ಕಣ್ರೀ, ನೀರು ಫಸ್ಟ್ ಕ್ಲಾಸ್!" ಎಂದಿರಿ. ಅದು ಅಂಗಡಿಯ ಕ್ಯಾನಿನ ನೀರು ಎಂದು ನಾನು ಕೂಗಿ ಹೇಳಿದೆ. "ಕೂತ್ಕೊಳ್ಳಮ್ಮಾ ಸಾಕು" ಎಂದು ನಕ್ಕಿರಿ. ನಿಮ್ಮ ಜೊತೆಗಿದ್ದವರೂ ನಕ್ಕರು. ಘಟಕದ ರಿಪೇರಿ ಅಲ್ಲಿಗೇ ನಿಂತಿತು. ಸಾಹೇಬರೇ, ಫ್ಲೋರೈಡಿಗೆ ರುಚಿಯಿಲ್ಲ ಎಂದು ಹೈಸ್ಕೂಲು ಮಕ್ಕಳಿಗೂ ಗೊತ್ತು. ನಾಲಿಗೆಯಿಂದಲೇ ಅದನ್ನು ಪತ್ತೆ ಹಚ್ಚುವ ವಿದ್ಯೆಯನ್ನು ತಾವು ಯಾವ ಕಾಲೇಜಿನಲ್ಲಿ ಕಲಿತಿರಿ?

ಆ ಹೊತ್ತಿಗಾಗಲೇ ಅವ್ವನ ಕಾಲು ಊದುತ್ತಿತ್ತು. ಯಾರೋ "ನೀರು ಚೆನ್ನಾಗಿ ಕುದ್ಸಿ, ಜಾಸ್ತಿ ಕುಡಿ ಕಣಮ್ಮ" ಎಂದರು. ಅವಳು ಅದೇ ಬೋರಿನ ನೀರನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಔಷಧಿ ಎಂದು ನಂಬಿ ಕುಡಿದಳು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ, ಉಳಿದ ನೀರಿನಲ್ಲಿ ಇನ್ನೂ ಹೆಚ್ಚುತ್ತದೆ ಎಂದು ನಮಗೆ ತುಮಕೂರಿನ ಡಾಕ್ಟರು ಹೇಳುವವರೆಗೆ ಯಾರೂ ಹೇಳಲಿಲ್ಲ. ಮೈಗೆ ಸೇರಿದ ಫ್ಲೋರೈಡನ್ನು ಹೊರಗೆ ಹಾಕಬೇಕಾದದ್ದು ಕಿಡ್ನಿ. ಅದು ಸೋತಷ್ಟೂ ವಿಷ ಒಳಗೇ ಉಳಿಯುತ್ತದೆ, ಉಳಿದಷ್ಟೂ ಅದು ಇನ್ನಷ್ಟು ಸೋಲುತ್ತದೆ. "ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ, ಆದರೆ ಈ ನೀರು ಕಿಡ್ನಿಗೆ ದೊಡ್ಡ ಹೊರೆ" ಎಂದರು ಡಾಕ್ಟರು. ಆ ಮಾತನ್ನು ಬರೆದು ನಿಮಗೆ ಅರ್ಜಿ ಕಳಿಸಿದರೆ, ನೀವು ಮೊದಲರ್ಧವನ್ನು ಮಾತ್ರ ಹಿಡಿದುಕೊಂಡು, ಫ್ಲೋರೈಡಿನಿಂದ ಹಲ್ಲು ಮೂಳೆಗಷ್ಟೇ ತೊಂದರೆ ಎಂದು ಉತ್ತರ ಕಳಿಸಿದಿರಿ. ಹಾಗಾದರೆ ಹಲ್ಲು ಮೂಳೆ ಹೋದರೆ ಪರವಾಗಿಲ್ಲವೇ?

ನನ್ನದೊಂದು ಕಿಡ್ನಿ ಕೊಡುತ್ತೇನೆಂದು ನಾನು ಪರೀಕ್ಷೆಗೆ ಹೋದೆ. ಡಾಕ್ಟರು ರಿಪೋರ್ಟು ನೋಡಿ, "ನಿಮ್ಮದನ್ನೇ ನೀವು ಜೋಪಾನ ಮಾಡ್ಕೊಳ್ಳಿ" ಎಂದರು. ನಾನೂ ಅದೇ ನೀರಿನಲ್ಲಿ ಬೆಳೆದವಳಲ್ಲವೇ? ಈಗ ಅವ್ವನಿಗೆ ಡಯಾಲಿಸಿಸ್. ನೀರು ಅಳತೆ ಮಾಡಿ ಕೊಡಬೇಕು. ಬಾಯಾರಿಕೆಗೆ ತುಟಿ ನೆಕ್ಕಿಕೊಳ್ಳುತ್ತಾಳೆ, ನಾನು ಮುಖ ತಿರುಗಿಸುತ್ತೇನೆ. ಆಗೆಲ್ಲ ನೀವು ನಕ್ಕದ್ದು ಕಿವಿಯಲ್ಲಿ ಕೇಳುತ್ತದೆ. ನನಗೆ ನಿಮ್ಮ ಮೇಲೆ ದ್ವೇಷವಿದೆ. ಅದನ್ನು ಮುಚ್ಚಿಡುವ ಸೌಜನ್ಯ ನನ್ನಲ್ಲಿಲ್ಲ.

ಘಟಕ ರಿಪೇರಿಯಾಗಬೇಕು. ಹಟ್ಟಿಯ ಪ್ರತಿಯೊಬ್ಬರ ಕಿಡ್ನಿ ಪರೀಕ್ಷೆಯಾಗಬೇಕು. ಅಲ್ಲಿಯವರೆಗೆ ತಾವು ಸಂಸಾರ ಸಮೇತ ಇಲ್ಲೇ ಬಿಡಾರ ಹೂಡಿ, ನಮ್ಮ ಬೋರಿನ ನೀರಿನಲ್ಲೇ ಅಡುಗೆ ಮಾಡಿಕೊಂಡು ಉಣ್ಣಬೇಕು. ಈ ಮಾತು ಕೇಳಿ ಅವ್ವ, "ಅವರ ಮಕ್ಳು ಏನ್ ಪಾಪ ಮಾಡವ್ರೆ? ಆ ನೀರು ಕೊಡ್ಬ್ಯಾಡ ಕಣೇ" ಎಂದಳು. ಹುಟ್ಟಿದಾಗಿನಿಂದ ಅವಳ ಮಾತು ಮೀರಿದವಳಲ್ಲ ನಾನು. ಈ ಸಲ ಮೀರುತ್ತೇನೆ.

ಇಂತಿ,
ಅವ್ವನಿಗೆ ಕೊಡಲು ಒಂದು ಒಳ್ಳೆಯ ಕಿಡ್ನಿಯೂ ಇಲ್ಲದ
ಯಶೋದ
ಬುಕ್ಕಾಪಟ್ಟಣ ಹೋಬಳಿ, ಸಿರಾ ತಾಲ್ಲೂಕು